ಗೋಂದಿನ ಡಬ್ಬದ ಕೆಳಗೆ ನನ್ನ ರಾಕ್ಷಸ

1995ರ ಮಳೆಗಾಲ. ತುಮಕೂರಿನಿಂದ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಹೊರಟಿದ್ದೆ. ಕಂಕುಳಲ್ಲಿ ಒಂದು ರಟ್ಟು. ಅದಕ್ಕೆ ಎರಡು ಸುತ್ತು ಹಳೇ ಪೇಪರ್, ಮೇಲೆ ಪ್ಲಾಸ್ಟಿಕ್ ಹಾಳೆ. ಒಳಗಿದ್ದಿದ್ದು ಪೋಸ್ಟರ್ ಕಲರ್‌ನಲ್ಲಿ ಬರೆದ ಒಬ್ಬ ಮಾಂತ್ರಿಕ. ಪಾಕೆಟ್ ಕಾದಂಬರಿಯೊಂದರ ಮುಖಪುಟ. ಪೋಸ್ಟರ್ ಕಲರ್ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಮೂರು ರಾತ್ರಿ ಕೆಲಸ ಹಾಳು. ಯಶವಂತಪುರದಲ್ಲಿ ಇಳಿದು, ಮಳೆ ಪೂರ್ತಿ ನಿಲ್ಲೋವರೆಗೂ ಪ್ಲಾಟ್‌ಫಾರ್ಮ್ ಬಿಟ್ಟು ಕದಲಲಿಲ್ಲ.

ಪ್ರಕಾಶಕರು ಚಿತ್ರ ನೋಡಿ, "ಚೆನ್ನಾಗಿದೆ, ಹುಡುಗಿ ಇನ್ನೂ ಸ್ವಲ್ಪ ದೊಡ್ಡದಾಗಿ ಬರಬೇಕಿತ್ತು" ಅಂದರು. 250 ರೂಪಾಯಿ ಕೊಟ್ಟರು. ಧೈರ್ಯ ಮಾಡಿ, ಹೋದ ತಿಂಗಳ ಒರಿಜಿನಲ್ ವಾಪಸ್ ಸಿಗುತ್ತಾ ಅಂತ ಕೇಳಿದೆ. "ಅದನ್ನ ತಗೊಂಡು ಏನ್ ಮಾಡ್ತೀರಾ ಮೇಷ್ಟ್ರೇ? ಹಿಂದೆ ಬೈಂಡಿಂಗ್ ಹತ್ರ ಎಲ್ಲಾದ್ರೂ ಬಿದ್ದಿರುತ್ತೆ, ನೋಡಿ" ಅಂದರು.

ನೋಡಿದೆ. ಮೈದಾ ಗೋಂದಿನ ಡಬ್ಬದ ಕೆಳಗೆ ಇತ್ತು. ಡಬ್ಬದ ಅಡಿ ಎಷ್ಟು ಅಗಲವೋ ಅಷ್ಟಗಲದ ಕಲೆ ನನ್ನ ರಾಕ್ಷಸನ ಹಣೆ ಮೇಲೆ. ಒಂದು ಕೋರೆಹಲ್ಲು ಗೋಂದಿಗೆ ಅಂಟಿಕೊಂಡು ಎದ್ದು ಹೋಗಿತ್ತು. ಅಲ್ಲಿದ್ದ ಹುಡುಗ ಡಬ್ಬ ಎತ್ತಿ ಹಿಡಿದು, "ಬೇಕಾ ಅಣ್ಣ?" ಅಂದ. ನಾಚಿಕೆ ಆಗಿ ಬೇಡಪ್ಪ ಅಂದೆ. ರೈಲಲ್ಲಿ ವಾಪಸ್ ಬರುವಾಗ ದಾಬಸ್‌ಪೇಟೆ ದಾಟೋವರೆಗೂ ಅದೇ ಕೋರೆಹಲ್ಲು ಕಣ್ಣ ಮುಂದೆ.

ಈಗ ಇದೆಲ್ಲ ಯಾಕೆ ನೆನಪಾಯಿತು ಅಂದರೆ, ಭಾನುವಾರ ನಮ್ಮನೇಲಿ ಡ್ರಾಯಿಂಗ್ ಕ್ಲಾಸಿಗೆ ಬರುವ ಹುಡುಗಿಯೊಬ್ಬಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಕಪ್ಪು ಕುದುರೆ, ಮೇಲೆ ಕೊಂಬಿನ ಶಿರಸ್ತ್ರಾಣದವನು. ಮುಖವೇ ಕಾಣಲ್ಲ, ಎರಡು ಕಣ್ಣು ಮಾತ್ರ ಕೆಂಪಗೆ. "ಸರ್, ಇಂಥದ್ದು ಬರೆಯೋದು ಹೇಳಿಕೊಡಿ." ಅಮೆರಿಕದ ಚಿತ್ರಕಾರ ಫ್ರಾಂಕ್ ಫ್ರಜೆಟ್ಟಾ 1973ರಲ್ಲಿ ಬರೆದದ್ದು ಅದು. ಅವಳಿಗೆ ಆ ಹೆಸರು ಗೊತ್ತಿರಲಿಲ್ಲ. ಆ ಥರದ ಚಿತ್ರಗಳು ಮಾತ್ರ ಗೇಮುಗಳಲ್ಲಿ ನೂರಾರು ನೋಡಿದ್ದಾಳೆ.

ಫ್ರಜೆಟ್ಟಾ ಹುಟ್ಟಿದ್ದು 1928ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. 16ನೇ ವಯಸ್ಸಿಗೇ ಕಾಮಿಕ್ಸ್ ಕೆಲಸಕ್ಕೆ ಇಳಿದ. ಸುಮಾರು ಒಂಬತ್ತು ವರ್ಷ ಅಲ್ ಕ್ಯಾಪ್‌ನ 'ಲಿಲ್ ಆಬ್ನರ್' ಕಾಮಿಕ್ಸ್ ಪಟ್ಟಿಗೆ ಸಹಾಯಕನಾಗಿ ಗೆರೆ ಎಳೆದ. ಕೈ ಇವನದು, ಸಹಿ ಅವರದು. ಆಮೇಲೆ ಮ್ಯಾಡ್ ಅನ್ನೋ ನಗೆ ಪತ್ರಿಕೆಗೆ ಬೀಟಲ್ಸ್‌ನ ರಿಂಗೋ ಸ್ಟಾರ್‌ನನ್ನು ಗೇಲಿ ಮಾಡಿ ಒಂದು ಚಿತ್ರ ಬರೆದ. ಅದನ್ನು ನೋಡಿದ ಸಿನಿಮಾದವರು ಪೋಸ್ಟರ್ ಬರೆಯೋಕೆ ಕರೆದರು. ಒಂದು ವರ್ಷದ ಸಂಬಳ ಒಂದೇ ಮಧ್ಯಾಹ್ನದಲ್ಲಿ ದುಡಿದನಂತೆ.

1966ರಲ್ಲಿ ಬಂದಿದ್ದು ಕೋನನ್ ಅನ್ನೋ ಕತ್ತಿವೀರನ ಸಾಹಸಕತೆ ಪುಸ್ತಕಗಳ ಮುಖಪುಟ. ಅಲ್ಲಿಂದ ಮುಂದೆ ಆ ಜಾತಿಯ ಪುಸ್ತಕಗಳ ಮುಖವೇ ಬದಲಾಯಿತು. ಕೋನನ್ ಕತೆಗಳನ್ನು ತಾನು ಓದಿಯೇ ಇಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ನಂಬುತ್ತೇನೆ. ನಾನೂ ನಲವತ್ತು ಮುಖಪುಟ ಬರೆದಿದ್ದೇನೆ, ಓದಿದ್ದು ಮೂರೋ ನಾಲ್ಕೋ ಕಾದಂಬರಿ. ಉಳಿದವು ಅಂಚೆ ಕಾರ್ಡಿನಲ್ಲಿ ಬರುತ್ತಿದ್ದವು: "ಸ್ಮಶಾನ, ಹುಣ್ಣಿಮೆ, ಒಬ್ಬ ಹುಡುಗಿ, ಶುಕ್ರವಾರದೊಳಗೆ."

ಹುಡುಗಿಗೆ ನಾನು ತೋರಿಸಿದ್ದು ಅವನ ಮಾಂಸಖಂಡಗಳನ್ನಲ್ಲ. ಅವು ಎಲ್ಲರ ಕಣ್ಣಿಗೂ ಬೀಳುತ್ತವೆ. ಕುದುರೆಯ ಕಾಲ ಹತ್ತಿರ ನೋಡಮ್ಮ ಅಂದೆ. ಏನೂ ಇಲ್ಲ ಅಲ್ಲಿ. ಮಬ್ಬು, ಅಗಲ ಬ್ರಷ್ಷಿನ ಎಳೆತ, ಅಷ್ಟೇ. ಕಣ್ಣು ಎಲ್ಲಿ ನಿಲ್ಲಬೇಕೋ ಅಲ್ಲಿ ಮಾತ್ರ ಬೆಳಕು, ಅಲ್ಲಿ ಮಾತ್ರ ವಿವರ. ಪುಸ್ತಕದಂಗಡಿಯಲ್ಲಿ ಹತ್ತಡಿ ದೂರ ನಿಂತವನಿಗೆ ಕಾಣಬೇಕಾದದ್ದು ಒಂದೇ ಒಂದು ಆಕಾರ. ಮುಖಪುಟ ಬರೆಯೋರ ಕಸುಬು ಅದು. ಮೇಲೆ ಕಾಲುಭಾಗ ಕಾದಂಬರಿ ಹೆಸರಿಗೆ ಬಿಡಬೇಕು, ಬಲಗಡೆ ಕೆಳಗೆ ಬೆಲೆಗೆ. ನಾನು ಮೊದಮೊದಲು ಸಹಿ ಹಾಕುತ್ತಿದ್ದದ್ದು ಆ ಬಲಗಡೆ ಮೂಲೆಯಲ್ಲೇ. ಪುಸ್ತಕ ಬಂದಾಗ ನೋಡಿದರೆ ನನ್ನ ಹೆಸರಿನ ಮೇಲೆ 'ಬೆಲೆ ರೂ. 12'. ಆಮೇಲೆ ಕತ್ತಿಯ ಹಿಡಿಯಲ್ಲಿ ಸಣ್ಣದಾಗಿ ಬರೆಯೋಕೆ ಶುರು ಮಾಡಿದೆ.

ನನಗೆ ಫ್ರಜೆಟ್ಟಾನಲ್ಲಿ ಜಾಸ್ತಿ ಇಷ್ಟ ಆಗೋದು ಬೇರೆಯೇ ಸಂಗತಿ. ಚಿತ್ರ ಅಚ್ಚಾದ ಮೇಲೆ ಒರಿಜಿನಲ್ ತನ್ನ ಮನೆಗೆ ವಾಪಸ್ ಬರಬೇಕು ಅಂತ ಹಟ ಹಿಡಿದವನು ಅವನು. ಆಗ ಅದು ಅಲ್ಲಿ ರೂಢಿ ಆಗಿರಲಿಲ್ಲ. ವ್ಯವಹಾರವೆಲ್ಲ ನೋಡಿಕೊಂಡಿದ್ದು ಅವನ ಹೆಂಡತಿ ಎಲಿನಾರ್. ಪೋಸ್ಟರ್ ಅಚ್ಚು ಹಾಕಿಸಿ ಮಾರಿದರು, ಪೆನ್ಸಿಲ್ವೇನಿಯಾದಲ್ಲಿ ಮ್ಯೂಸಿಯಮ್ಮೇ ಮಾಡಿದರು. ಚಿತ್ರ ಮನೆಯಲ್ಲೇ ಇದ್ದದ್ದರಿಂದ ಎಷ್ಟೋ ವರ್ಷ ಆದ ಮೇಲೂ ಅದರ ಮುಂದೆ ಕೂತು ಮುಖ ತಿದ್ದುತ್ತಿದ್ದ, ಹಿನ್ನೆಲೆ ಬದಲಾಯಿಸುತ್ತಿದ್ದ. ಇದನ್ನು ಓದಿದಾಗ ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ಆ ಮಳೆಗಾಲದ ಮಾಂತ್ರಿಕನ ಎಡಗೈ ಹೆಬ್ಬೆರಳನ್ನು ನಾನು ತಪ್ಪು ಕಡೆ ಬರೆದಿದ್ದೇನೆ. ಪುಸ್ತಕ ಕೈಗೆ ಬಂದ ಮೇಲೇ ಕಂಡಿದ್ದು. ತಿದ್ದೋಣ ಅಂದರೆ ಚಿತ್ರ ಎಲ್ಲಿದೆ?

ಕೊನೆಗಾಲ ಅವನದೂ ಸುಖವಾಗಿರಲಿಲ್ಲ. ಥೈರಾಯ್ಡ್ ತೊಂದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಪಾರ್ಶ್ವವಾಯು ಬಡಿದು ಬಲಗೈ ಮಾತು ಕೇಳದೆ ಹೋದಾಗ ಎಡಗೈಲಿ ಬರೆಯೋಕೆ ಕಲಿತ. 2009ರಲ್ಲಿ ಹೆಂಡತಿ ತೀರಿಕೊಂಡ ಕೆಲವೇ ತಿಂಗಳಿಗೆ ಆಸ್ತಿ ಜಗಳ. ಮ್ಯೂಸಿಯಂ ಬಾಗಿಲನ್ನು ಜೆಸಿಬಿಯಂಥ ಯಂತ್ರದಲ್ಲಿ ಒಡೆದು ಸುಮಾರು 90 ಚಿತ್ರ ಹೊರಗೆ ಸಾಗಿಸುವಷ್ಟು ದೂರ ಹೋಯಿತು. ಮನೆಯವರು ರಾಜಿ ಆಗಿ ಕೇಸು ಬಿದ್ದುಹೋಯಿತು. 2010ರ ಮೇ ತಿಂಗಳಲ್ಲಿ ಅವನೂ ಹೋದ. 2019ರಲ್ಲಿ ಅವನ ಒಂದು ಮುಖಪುಟದ ಒರಿಜಿನಲ್ ಹರಾಜಾಗಿದ್ದು 54 ಲಕ್ಷ ಡಾಲರಿಗೆ. ಆಗಿನ ಲೆಕ್ಕದಲ್ಲಿ 37 ಕೋಟಿ ರೂಪಾಯಿಗೂ ಮೇಲೆ. ಅದು ಅಚ್ಚಾಗಿದ್ದು 1969ರಲ್ಲಿ, ಒಂದು ಅಗ್ಗದ ದೆವ್ವದ ಕತೆಗಳ ಕಾಮಿಕ್ಸ್ ಪತ್ರಿಕೆಯ ಮೇಲೆ.

ಇಷ್ಟು ಹೇಳಿದರೆ ಗೆಳೆಯರು, "ನೀವು ಫ್ರಜೆಟ್ಟಾ ಅಲ್ವಲ್ಲ ಮೇಷ್ಟ್ರೇ" ಅಂತಾರೆ. ಒಪ್ಪಿದೆ. ನನ್ನ ರಾಕ್ಷಸನಿಗೆ ಯಾವ ಹರಾಜಿನಲ್ಲೂ ಐನೂರು ರೂಪಾಯಿ ಹುಟ್ಟುತ್ತಿರಲಿಲ್ಲ. ಆದರೂ ಗೋಂದಿನ ಡಬ್ಬದ ಕೆಳಗೆ ಹೋಗಬೇಕಾಗಿರಲಿಲ್ಲ, ಅಲ್ವಾ? ನಮ್ಮಲ್ಲಿ ಒಳ್ಳೆ ಕೈಯಿದ್ದವರು ಕಡಿಮೆ ಏನಿರಲಿಲ್ಲ. ಚಂದಮಾಮದ ಮುಖಪುಟಕ್ಕೆ ಮಹಾಭಾರತ ಬರೆದ ಎಂ.ಟಿ.ವಿ. ಆಚಾರ್ಯರು ಕನ್ನಡದವರು. ನಮ್ಮ ಜಿಲ್ಲೆಯದೇ ಗುಬ್ಬಿ ಕಂಪನಿ, 1884ರಲ್ಲಿ ಶುರುವಾಗಿದ್ದು. ವೀರಣ್ಣನವರ ಹೆಸರು ಚಿಕ್ಕ ಮಕ್ಕಳಿಗೂ ಗೊತ್ತು. ಅಲ್ಲಿ ಅರಮನೆ, ಕಾಡು ಅಂತ ಪರದೆ ಬರೆದವರ ಹೆಸರು ಯಾರಾದರೂ ಹೇಳಲಿ ನೋಡೋಣ.

ಕ್ಲಾಸಿಗೆ ಬರುವ ಹುಡುಗನೊಬ್ಬನ ತಂದೆ ವಕೀಲರು. ಅವರನ್ನು ಕೇಳಿದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ತೆಗೆದು ತೋರಿಸಿದರು. ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್ ಆದರೆ, ಬೇರೆ ಒಪ್ಪಂದ ಇಲ್ಲದೆ ಹೋದರೆ, ಕಾಪಿರೈಟ್ ಬರೆಸಿದವರದ್ದು. "ಒಪ್ಪಂದ ಇಲ್ಲದೆ ಹೋದರೆ ಅನ್ನೋದನ್ನ ಅಡಿಗೆರೆ ಹಾಕಿಕೊಳ್ಳಿ" ಅಂದರು. ಚಿತ್ರ ಬರೆದ ಹಾಳೆ ಯಾರದ್ದು ಅನ್ನೋದು ಬೇರೆ ಮಾತಂತೆ, ಅದನ್ನೂ ಮೊದಲೇ ಬರೆಸಿಕೊಳ್ಳಬೇಕಂತೆ. ನನ್ನ ಹತ್ತಿರ ಇದ್ದ ಒಪ್ಪಂದ ಅಂದರೆ ಆ ಅಂಚೆ ಕಾರ್ಡುಗಳು. ಬೇಕಾಗಿದ್ದದ್ದು ನಾಲ್ಕು ಸಾಲಿನ ಕಾಗದ, ಒಂದು ಸಹಿ. ಕೇಳೋಕೆ ಸಂಕೋಚ ಪಟ್ಟವರು ನಾವು. ಈಗಿನ ಹುಡುಗರು ದಯವಿಟ್ಟು ಸಂಕೋಚ ಪಡಬೇಡಿ. ಕೊಡದಿದ್ದರೆ ಕೊಡಲ್ಲ, ಕೇಳಿ.

ಇದನ್ನೆಲ್ಲ ಆ ಹುಡುಗಿಗೂ ಹೇಳಿದ್ದೆ. ಹೋದ ವಾರ ಅವಳಿಗೆ ಮಕ್ಕಳ ಪುಸ್ತಕವೊಂದರ ಮುಖಪುಟ ಬರೆಯೋ ಕೆಲಸ ಸಿಕ್ಕಿತು. ಮೂರೂವರೆ ಸಾವಿರ. ಫೋನ್ ಮಾಡಿದ್ದಳು.

"ಒರಿಜಿನಲ್ ವಾಪಸ್ ಕೇಳಿದ್ಯಾ?" ಅಂದೆ.

"ಸರ್, ನಾನು ಬರೆದಿದ್ದು ಟ್ಯಾಬ್‌ನಲ್ಲಿ. ಒರಿಜಿನಲ್ ಅಂತ ಎಲ್ಲಿರುತ್ತೆ?"

ನನಗೆ ಇದು ಹೊಳೆದೇ ಇರಲಿಲ್ಲ. ಸುಮ್ನೆ ಕೂತೆ. ಆಮೇಲೆ ಅವಳೇ ಹೇಳಿದಳು, ಲೇಯರ್‌ಗಳೆಲ್ಲ ಬಿಡಿಬಿಡಿಯಾಗಿ ಇರುವ ಫೈಲ್ ಕೇಳುತ್ತಿದ್ದಾರೆ, ಅದು ಸಿಕ್ಕರೆ ಅವರು ತಲೆ ಒಂದು ಕಡೆ, ಕುದುರೆ ಒಂದು ಕಡೆ ಎತ್ತಿಟ್ಟುಕೊಂಡು ಇನ್ನೂ ಹತ್ತು ಪುಸ್ತಕಕ್ಕೆ ಹಾಕಿಕೊಳ್ಳಬಹುದು ಅಂತ.

"ಅದನ್ನ ಕೊಡಬೇಡಮ್ಮ! ಅಚ್ಚಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಕಳಿಸು."

"ಬೆಳಿಗ್ಗೇನೇ ಕಳಿಸಿಬಿಟ್ಟೆ ಸರ್."