25 ಕಿ.ಮೀ. ವೇಗದ ಇ-ಬೈಕಿಗೂ ನಂಬರು, ಲೈಸೆನ್ಸು ಕಡ್ಡಾಯವಾಗಬೇಕೇ?

ಪರ: ಗುರುತಿಲ್ಲದ ಗಾಡಿ ರಸ್ತೆಗೆ ಬೇಡ

ಮುಂಬೈ ಮಾಟುಂಗಾದ ಭಂಡಾರ್ಕರ್ ರಸ್ತೆಯಲ್ಲಿ ಹೂವು ಕೊಂಡು, ಎದುರಿನಿಂದ ಬರುವ ವಾಹನಗಳನ್ನು ನೋಡುತ್ತ ಅಂಚಿನಲ್ಲಿ ನಡೆದು ಬರುತ್ತಿದ್ದ ನನ್ನ ಅಮ್ಮನಿಗೆ ಇ-ಬೈಕು ಬಡಿದದ್ದು ಬೆನ್ನ ಹಿಂದಿನಿಂದ. ತಪ್ಪು ದಿಕ್ಕಿನಲ್ಲಿ, ಮೊಬೈಲ್ ನೋಡುತ್ತ ಬಂದ ಹುಡುಗ. ಎಂಜಿನ್ನಿನ ಸದ್ದಿದ್ದಿದ್ದರೆ ಅಮ್ಮ ಪಕ್ಕಕ್ಕೆ ಸರಿಯುತ್ತಿದ್ದರು. ಎಪ್ಪತ್ತಮೂರು ವರ್ಷದವರನ್ನು ಕೆಡವಿ ಅವನು ತಿರುಗಿಯೂ ನೋಡದೆ ಹೋದ. ಸೊಂಟದ ಮೂಳೆ ಮುರಿಯಿತು. ಠಾಣೆಯಲ್ಲಿ ಮೊದಲು ಕೇಳಿದ್ದು ಗಾಡಿಯ ನಂಬರು. ನಂಬರೇ ಇರದ ಗಾಡಿಗೆ ಏನು ಹೇಳಲಿ? ಬಣ್ಣ ನೀಲಿ ಎಂದೆ. ದೂರಿನಲ್ಲಿ ಅಷ್ಟೇ ಇದೆ.

ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದರೆ ನಿಯಮದ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ, ವಿಮೆಯೂ ಬೇಡ. ಬ್ಯಾಟರಿ ಬಿಟ್ಟು 60 ಕಿಲೋವರೆಗೆ ತೂಗಬಹುದಾದ ಗಾಡಿ, ಅದರ ಮೇಲೊಬ್ಬ ಆಳು, ಬೆನ್ನಿಗೆ ಊಟದ ಪೆಟ್ಟಿಗೆ. ಇದು ಮೈಮೇಲೆ ಬಂದರೆ ಮುದುಕರ ಗತಿಯೇನು? ಹದಿನೆಂಟು ತುಂಬದ ಹುಡುಗರು ಸ್ಕೂಟರ್ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಈ ಗಾಡಿಯನ್ನು ಮಗನ ಕೈಗೆ ಕೊಟ್ಟ ತಂದೆಗೆ ಆ ಭಯವೂ ಇಲ್ಲ.

ನಂಬರು ಕಡ್ಡಾಯ ಮಾಡಿದರೆ ಬಡ ಹುಡುಗರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಕೆಲವರು ಮರುಗುತ್ತಾರೆ. ಅವರ ಪ್ರಕಾರ ಬಡವನಾದವನು ಯಾರನ್ನು ಬೇಕಾದರೂ ಗುದ್ದಿ ಹೋಗಬಹುದೇ? ಅಮ್ಮ ಈಗ ವಾಕರ್ ಹಿಡಿದು ದೇವರ ಕೋಣೆಯವರೆಗೆ ನಡೆಯುತ್ತಾರೆ. ಹೂವು ನಾನು ತರುತ್ತೇನೆ. ನಂಬರು ಬೇಕು, ವಿಮೆ ಬೇಕು, ಲೈಸೆನ್ಸೂ ಬೇಕು.

ವಿರೋಧ: ಇರುವ ನಿಯಮವನ್ನು ಮೊದಲು ನಡೆಸಲಿ

ವಿರೋಧದ ಪಕ್ಷವನ್ನು ನನಗೆ ವಹಿಸಿದ್ದಾರೆ. ತಪ್ಪು ದಿಕ್ಕಿನಲ್ಲಿ ನುಗ್ಗುವವರ ಮೇಲೆ ನನಗೂ ಸಿಟ್ಟಿದೆ. ಆದರೂ ಹೇಳಬೇಕಾದ ಮಾತೊಂದಿದೆ. 25ರ ಮಿತಿಯನ್ನು ಬಿಚ್ಚಿ 45ರಲ್ಲಿ ಓಡುವ ಗಾಡಿಗೆ ಈ ವಿನಾಯಿತಿ ಇಂದೂ ಇಲ್ಲ. ನಂಬರಿಲ್ಲದೆ ಅದು ರಸ್ತೆಗಿಳಿಯುವುದೇ ಅಪರಾಧ. ಮಿತಿ ಬಿಚ್ಚಿಕೊಡುವ ಅಂಗಡಿಯನ್ನು ಹಿಡಿಯಬೇಕು. ನಂಬರಿರುವ ಬೈಕುಗಳು ತಪ್ಪು ದಿಕ್ಕಿನಲ್ಲಿ ಬರುವುದಿಲ್ಲವೇ? ಸೈಕಲ್ಲಿಗೂ ನಂಬರು ಹಾಕೋಣವೇ?

ನಮ್ಮ ಕಟ್ಟಡಕ್ಕೆ ಊಟ ತರುವ ಹುಡುಗ ಇಂಡಿ ತಾಲ್ಲೂಕಿನವನು. ನನ್ನ ಕನ್ನಡ ಕೇಳಿದ ದಿನದಿಂದ "ಕಾಕಾ" ಎನ್ನುತ್ತಾನೆ. ಧಾರಾವಿಯಲ್ಲಿ ಎಂಟು ಜನರ ಕೋಣೆ. ಬಾಡಿಗೆ ಕರಾರು ಬೇರೆಯವರ ಹೆಸರಿನಲ್ಲಿದೆ. ಇಲ್ಲಿನ ವಿಳಾಸಕ್ಕೆ ಒಂದು ಕಾಗದವೂ ಅವನ ಬಳಿ ಇಲ್ಲ. ಲೈಸೆನ್ಸಿಗೆ ಊರಿಗೆ ಹೋಗಿ ಬರಬೇಕು, ಅಷ್ಟು ದಿನದ ಕೂಲಿ ಹೋಗುತ್ತದೆ. ಅದಕ್ಕೇ ದಿನದ ಬಾಡಿಗೆಗೆ ಇ-ಬೈಕು ಹಿಡಿದ. ಕಳೆದ ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್ಲಿನ ನೀರಿನಲ್ಲಿ ಗಾಡಿ ನಿಂತುಹೋಗಿ, ತಳ್ಳಿಕೊಂಡೇ ಬಂದು ಬಾಗಿಲು ತಟ್ಟಿದ. ಮೈಯೆಲ್ಲ ಒದ್ದೆ, ಪೊಟ್ಟಣ ಮಾತ್ರ ಒಣಗಿತ್ತು. ಒಳಗೆ ಕರೆದು ಚಹಾ ಕೊಟ್ಟೆ. ಅರ್ಧ ಲೋಟ ಕುಡಿದು, ಮುಂದಿನ ಆರ್ಡರಿಗೆ ತಡವಾಯಿತೆಂದು ಎದ್ದು ಹೋದ.