ಎಲ್ಲಾರಿಗೂ 99, ಹಂಗಾದ್ರ ಹಿಂದ ಯಾರು?

ಬಾಗಲಕೋಟಿ ನವನಗರದಾಗ, ಎಂಬಿಎ ಕಲಿಸೋ ಐಐಎಂ ಸೇರಾಕ ಬರಿಯೋ ಕ್ಯಾಟ್ ಪರೀಕ್ಷಾಕ್ಕ ಕೋಚಿಂಗ್ ಕೊಡಾವ್ರು ಒಂದು ಫ್ಲೆಕ್ಸ್ ಹಾಕ್ಯಾರ ನೋಡ್ರಿ, 'ಸೇರಿದ ಪ್ರತಿಯೊಬ್ಬರಿಗೂ ಕ್ಯಾಟ್‌ನಲ್ಲಿ 99 ಪರ್ಸೆಂಟೈಲ್ ಗ್ಯಾರಂಟಿ' ಅಂತ, ಬಾಜೂಕ ಕೋಟ್ ಹಾಕ್ಕೊಂಡಾಂವ ಒಬ್ಬ ಕೈ ಕಟ್ಕೊಂಡು ನಿಂತಾನ, ಅಂವ ಯಾರು ಏನು ದೇವರಿಗೇ ಗೊತ್ತು. ನಮ್ಮ ಅಕ್ಕ ಅದನ್ನ ನೋಡಿದ್ದ ತಡ, ಮಗ ಐಐಎಂ ಗೇಟ್ ದಾಟೇಬಿಟ್ಟ ಅನ್ನೂವಂಗ ಓಣಿ ತುಂಬ ಹೇಳ್ಕೊಂಡ ಬಂದ್ಲು. ಬಾಜೂ ಮನಿ ಆಯಿ ಅಂತೂ 'ಆ ಒಂದ್ ಮಾರ್ಕ್ ಯಾಕ ಕಟ್ ಮಾಡ್ತಾರಂತ?' ಅಂತ ಕೇಳಿದ್ಲು.

ಅದು ಮಾರ್ಕ್ಸ್ ಅಲ್ಲವ್ವಾ, ನೂರು ಮಂದ್ಯಾಗ ನಿನ್ನ ಹಿಂದ ಎಷ್ಟು ಮಂದಿ ಅದಾರ ಅನ್ನೋ ಲೆಕ್ಕ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗ್ತು. 2024ರ ಪೇಪರ್ 204 ಮಾರ್ಕ್ಸಿಂದು, ಅದ್ರಾಗ ಅರ್ಧ ತಗೊಂಡಾವ್ರೂ 99 ದಾಟ್ಯಾರ. ಬರದಾವ್ರು ಹತ್ರ ಹತ್ರ 3 ಲಕ್ಷ, ಅಂದ್ರ 99 ಬಂದ್ರೂ ಮುಂದ ಮೂರು ಸಾವಿರ ಮಂದಿ ಪಾಳಿ ಹಚ್ಚಿರ್ತಾರ. ಅಕ್ಕ ಇಷ್ಟೆಲ್ಲಾ ಕೇಳಿ 'ನಿನಗ ಹೊಟ್ಟಿಕಿಚ್ಚು' ಅಂದ್ಲು.

ಡೆಮೊ ಕ್ಲಾಸಿಗೆ ಹೋದಾವ್ರು ನಾನು, ಹುಡುಗ, ಮತ್ತ ಇಳಕಲ್‌ದಾಗ ಸೀರಿ ಅಂಗಡಿ ಇರೋ ನಮ್ಮ ಕಾಕಾ, ಯಾಕಂದ್ರ ಫೀಸು ಕೊಡಾಂವ ಅಂವನ. ಸರ್ ಬಂದು ಶುರು ಹಚ್ಚಿದ್ರು, ಮೂರು ಸೆಕ್ಷನ್ನು, ಒಂದೊಂದಕ್ಕ 40 ನಿಮಿಷ, ಒಂದ್ರಾಗ ಟೈಮ್ ಉಳದ್ರೂ ಇನ್ನೊಂದಕ್ಕ ಜಿಗಿಯಂಗಿಲ್ಲ, ಸರಿಯಾದ್ರ 3, ಆಪ್ಷನ್ ಇರೋ ಪ್ರಶ್ನಿ ತಪ್ಪಾದ್ರ 1 ಕಟ್, ಹಂಗಾಗಿ ಯಾವ ಪ್ರಶ್ನಿ ಬಿಡಬೇಕು ಅನ್ನೋದನ್ನ ಕಲಿಸೋದ ನಮ್ಮ ಸ್ಪೆಷಾಲಿಟಿ ಅಂದ್ರು. ಬಿಡೋದನ್ನ ಕಲಿಸಾಕ 60 ಸಾವಿರ! ನಮ್ಮ ಹುಡುಗ ಅದನ್ನ ಒಂದನೇತ್ತಾದಿಂದ ಪುಕ್ಕಟೆ ಮಾಡ್ಕೋತ ಬಂದಾನ.

ಆಮ್ಯಾಲ ಬೋರ್ಡ್ ಮ್ಯಾಲ ಎಂಟು ಮಂದಿನ್ನ ದುಂಡನ್ನ ಟೇಬಲ್ ಸುತ್ತ ಕುಂದ್ರಿಸಿದ್ರು. ಇಂವ ಅಕಿ ಬಾಜು ಕುಂದ್ರಂಗಿಲ್ಲ, ಅಂವ ಇಂವನ ಎದುರಿಗೇ ಕುಂದ್ರಬೇಕು, ಹಂಗಾದ್ರ ಬಾಗಲ ಕಡೆ ಯಾರು? ಹುಡುಗ ಬೆವತ. ಕಾಕಾ ನನ್ನ ಕಿವ್ಯಾಗ 'ಕುಬಸದ ಊಟಕ್ಕ ಯಾರ ಬಾಜೂಕ ಯಾರು ಕುಂತ್ರ ಜಗಳ ಆಕ್ಕೈತಿ ಅನ್ನೋದನ್ನ ನಿಮ್ಮ ಕಾಕು 200 ಮಂದಿಗೆ ಹಾಳಿ ಪೆನ್ನ ಇಲ್ದ ಮಾಡ್ತಾಳಲೋ' ಅಂದ.

ಸರ್ ಪ್ರಶ್ನಿ ಇದ್ರ ಕೇಳ್ರಿ ಅಂದದ್ದ ತಪ್ಪಾತು, ಕಾಕಾ ಶುರು ಹಚ್ಚಿದ. 'ಸರ, ಇದ ಗ್ಯಾರಂಟಿ ಹುಬ್ಬಳ್ಳ್ಯಾಗೂ ಕೊಡ್ತಾರ, ಬೆಂಗಳೂರಾಗೂ ಕೊಡ್ತಾರ. ಎಲ್ಲಾರೂ ಮುಂದ ನಿಂತ್ರ ಹಿಂದ ನಿಲ್ಲಾಕ ಮಂದಿ ಎಲ್ಲಿಂದ ತರ್ತೀರಿ, ಪಗಾರ ಕೊಟ್ಟು ಇಟ್ಟೀರೇನು? ಬಣ್ಣ ಹೋಗಂಗಿಲ್ಲ ಅಂತ ನಾನೂ ಹೇಳ್ತೀನ್ರಿ, ಆದ್ರ ಬೋರ್ಡ್ ಬರಸಿ ಹಾಕಂಗಿಲ್ಲ.' ಸರ್ ನಕ್ಕಂಗ ಮಾಡಿ ಮೂರು ಸ್ಲಾಟು, ನಾರ್ಮಲೈಸೇಷನ್ನು ಅಂತ ಹತ್ತು ನಿಮಿಷ ಏನೇನೋ ಹೇಳಿದ್ರು, ಕಾಕಾ ಗಿರಾಕಿ ರೇಟ್ ಇಳಸೂದನ್ನ ಕೇಳಿದಂಗ ಸುಮ್ನ ಕೇಳಿದ.

ರಶೀದಿ ಟೇಬಲ್ಲಿಗೆ ಬಂದ ಮ್ಯಾಲ ಗೊತ್ತಾತು, ಬೆಂಗಳೂರು ಐಐಎಂನಾವ್ರು ಇಂಟರ್‌ವ್ಯೂಗೆ ಕರಿಯೂಮುಂದ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸೂ ಲೆಕ್ಕಕ್ಕ ಹಿಡೀತಾರಂತ. ನಮ್ಮ ಹುಡುಗಂದು ಎಸ್ಸೆಸ್ಸೆಲ್ಸ್ಯಾಗ 61. 'ಇದಕ್ಕೇನ್ ಗ್ಯಾರಂಟಿ ಐತಿ?' ಅಂದ ಕಾಕಾ. ರಶೀದಿ ಬರಿಯೋ ಹುಡುಗಿ ಸರ್ ಮಾರಿ ನೋಡಿದ್ಲು, ಸರ್ ಫೋನ್ ನೋಡಿದ್ರು.

ಕಾಕಾ ಚೆಕ್ ಬುಕ್ ಮಡಚಿ ಕಿಸೇದಾಗ ಇಟ್ಕೊಂಡ. 'ಏಳ ತಮ್ಮಾ, ಸರ್ ಕಲಿಸಿದ್ದು ಚೊಲೋ ಐತಿ, ಈ ಪ್ರಶ್ನಿ ಬಿಟ್ಟು ಮುಂದ ಹೋಗೂಣು.'