ಹಿಂದಿರುಗಿಸಿದ ವಸ್ತುವಿಗೆ ಸ್ವೀಕೃತಿ ಪತ್ರ ಬೇಕು

ಆನ್‌ಲೈನ್‌ನಲ್ಲಿ ಕೊಂಡ ಮೊಬೈಲನ್ನೋ ಲ್ಯಾಪ್‌ಟಾಪನ್ನೋ ದೋಷವಿದೆಯೆಂದು ಹಿಂದಿರುಗಿಸಿ, ಹಣ ಮಾತ್ರ ಬಾರದೆ ಪರದಾಡುತ್ತಿರುವವರು ಮೈಸೂರಿನ ನಮ್ಮ ಬಡಾವಣೆಯಲ್ಲೇ ಹಲವರಿದ್ದಾರೆ. ಅವರ ದೂರುಗಳನ್ನು ಬರೆದುಕೊಡಲು ಕುಳಿತಾಗಲೆಲ್ಲ ನನಗೆ ಕಾಣುವುದು ಒಂದೇ ಕೊರತೆ. ವಸ್ತು ಮನೆಯ ಹೊಸ್ತಿಲು ದಾಟಿದ ಕ್ಷಣದಿಂದ ಗೋದಾಮಿನಲ್ಲಿ ಯಾರೋ ಅದನ್ನು ಬಿಚ್ಚಿ ನೋಡುವವರೆಗಿನ ಅವಧಿಗೆ ಗ್ರಾಹಕರ ಕೈಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ. ಏನು ಕೊಟ್ಟರು, ಯಾವ ಸ್ಥಿತಿಯಲ್ಲಿ ಕೊಟ್ಟರು ಎಂಬುದಕ್ಕೆ ಹಣ ಹಿಂದಿರುಗಿಸಬೇಕಾದ ಕಂಪನಿಯೇ ಸಾಕ್ಷಿ, ಅದೇ ತೀರ್ಪುಗಾರ. ಈ ಏರ್ಪಾಡು ಬದಲಾಗಲೇಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ.

ಕುವೆಂಪುನಗರದ ನಿವೃತ್ತ ಶಿಕ್ಷಕಿಯೊಬ್ಬರು ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳಿಗಾಗಿ ಇಎಂಐ ಮೇಲೆ ಲ್ಯಾಪ್‌ಟಾಪ್ ತರಿಸಿದ್ದರು. ಮೊದಲ ದಿನದಿಂದಲೇ ಪರದೆ ಮಿನುಗುತ್ತಿತ್ತು. ಆ್ಯಪ್‌ನಲ್ಲಿ ರಿಟರ್ನ್ ಕೋರಿಕೆ ಸಲ್ಲಿಸಿದರು, ಅದು ಒಪ್ಪಿಗೆಯೂ ಆಯಿತು. ಪಿಕಪ್‌ಗೆ ಬಂದ ಹುಡುಗ ಬಣ್ಣ, ಬ್ರ್ಯಾಂಡ್, ಚಾರ್ಜರ್ ನೋಡಿ, ಫೋನಿನಲ್ಲಿ ಟಿಕ್ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿಕೊಂಡು ಹೋದ. ‘ಪಿಕಪ್ ಯಶಸ್ವಿಯಾಗಿದೆ’ ಎಂಬ ಸಂದೇಶ ಬಂತು. ಕೆಲವು ದಿನ ಕಳೆದ ಮೇಲೆ ಬಂದದ್ದು ಮತ್ತೊಂದು ಸಂದೇಶ: ಸರಣಿ ಸಂಖ್ಯೆ (ಸೀರಿಯಲ್ ನಂಬರ್) ಹೊಂದಿಕೆಯಾಗುತ್ತಿಲ್ಲ, ಆದ್ದರಿಂದ ರಿಫಂಡ್ ತಿರಸ್ಕರಿಸಲಾಗಿದೆ. ಹಾಗಾದರೆ ಗೋದಾಮಿಗೆ ತಲುಪಿದ ಸಂಖ್ಯೆ ಯಾವುದು, ಅದರ ಫೋಟೊ ತೋರಿಸಿ ಎಂದು ಅವರು ಕೇಳಿದರೆ ಉತ್ತರವಿಲ್ಲ. ಚಾಟ್‌ನಲ್ಲಿ ಪ್ರತಿ ಸಲವೂ ಹೊಸ ಹೆಸರಿನ ಪ್ರತಿನಿಧಿ, ಪ್ರತಿ ಸಲವೂ ಮೊದಲಿನಿಂದ ಕಥೆ ಹೇಳಬೇಕು. ವೇದಿಕೆಯವರು ಮಾರಾಟಗಾರರನ್ನು ಕೇಳಿ ಎನ್ನುತ್ತಾರೆ, ಮಾರಾಟಗಾರರು ಕೊರಿಯರ್‌ನವರತ್ತ ಕೈ ತೋರಿಸುತ್ತಾರೆ. ಈ ನಡುವೆ ಇಎಂಐ ಕಂತು ತಿಂಗಳು ತಪ್ಪದೆ ಕಡಿತವಾಗುತ್ತಲೇ ಇದೆ. ಬ್ಯಾಂಕ್ ಪೂರ್ತಿ ಹಣವನ್ನು ಕಂಪನಿಗೆ ಆಗಲೇ ಕೊಟ್ಟಾಗಿರುವುದರಿಂದ, ಅಲ್ಲಿಂದ ರಿಫಂಡ್ ಬರುವ ತನಕ ಸಾಲ ಮುಚ್ಚುವುದಿಲ್ಲ. ಕ್ರೆಡಿಟ್ ಕಾರ್ಡಿನ ಮೇಲಾದರೆ ‘ನೋ ಕಾಸ್ಟ್’ ಎಂದು ಕರೆಸಿಕೊಳ್ಳುವ ಕಂತಿನಲ್ಲೂ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿಯನ್ನು ಗ್ರಾಹಕರೇ ಕಟ್ಟುತ್ತಿರುತ್ತಾರೆ. ತನ್ನಲ್ಲಿ ಇಲ್ಲದ ಯಂತ್ರಕ್ಕಾಗಿ ಪಿಂಚಣಿಯಿಂದ ಕಂತು ಕಟ್ಟುವ, ಅದರ ಮೇಲೆ ಮೋಸಗಾರ್ತಿ ಎಂಬ ಅನುಮಾನವನ್ನೂ ಹೊರುವ ಈ ಸ್ಥಿತಿ ಯಾರಿಗೂ ಬರಬಾರದು.

ಕಾಯ್ದೆ ದುರ್ಬಲವಾಗಿದೆ ಎಂದು ನಾನು ಹೇಳುತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಅದರ ಬೆನ್ನಿಗೇ ಜುಲೈ 23ರಂದು ಇ-ವಾಣಿಜ್ಯ ನಿಯಮಗಳು ಪ್ರಕಟವಾದವು. ಅವುಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಗಳಿಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಬಿಲ್ಲಿನಲ್ಲಿ ಅವಧಿ ನಮೂದಾಗಿರದಿದ್ದರೆ 30 ದಿನಗಳೊಳಗೆ ಹಣ ಹಿಂದಿರುಗಿಸದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. 1986ರ ಹಳೆಯ ಕಾಯ್ದೆಯಲ್ಲಿ ಎದುರುದಾರನ ಊರನ್ನೋ ವ್ಯಾಜ್ಯಕಾರಣ ಹುಟ್ಟಿದ ಊರನ್ನೋ ಹುಡುಕಬೇಕಿತ್ತು. ಈಗ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಮಂಡ್ಯದವರು ಬೆಂಗಳೂರಿಗೋ ಗುರುಗ್ರಾಮಕ್ಕೋ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ದೂರು ಸಲ್ಲಿಸಲು ಎರಡು ವರ್ಷಗಳ ಕಾಲಮಿತಿಯಿದೆ.

ಆದರೆ ಈ ನಿಯಮಗಳೆಲ್ಲ ವಸ್ತುವಿನಲ್ಲಿ ದೋಷವಿತ್ತೇ ಇಲ್ಲವೇ ಎಂಬ ವಿವಾದವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಂತಿವೆ. ಹಿಂದಿರುಗಿ ಬಂದದ್ದು ಅದೇ ವಸ್ತುವೇ ಎಂಬ ವಿವಾದ ಎದ್ದಾಗ ಅವು ಸಾಲದೆ ಹೋಗುತ್ತವೆ. ಆಯೋಗದ ಮುಂದೆ ಗ್ರಾಹಕ ತನ್ನ ಅಫಿಡವಿಟ್ ಸಲ್ಲಿಸುತ್ತಾನೆ, ಕಂಪನಿ ತನ್ನದೇ ಕಂಪ್ಯೂಟರಿನ ನಮೂದು ಸಲ್ಲಿಸುತ್ತದೆ. ಆ ಎರಡರ ನಡುವೆ, ಇಬ್ಬರೂ ಎದುರೆದುರು ಇದ್ದಾಗ ತಯಾರಾದ ಒಂದು ಕಾಗದವೂ ಇರುವುದಿಲ್ಲ. ದೇವರಾಜ ಅರಸು ರಸ್ತೆಯ ಚಿಕ್ಕ ರಿಪೇರಿ ಅಂಗಡಿಯಲ್ಲಿ ಫೋನ್ ಬಿಟ್ಟುಬಂದರೂ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ), ಗಾಜಿನ ಮೇಲಿನ ಗೀರು ಎಲ್ಲವನ್ನೂ ಬರೆದ ಜಾಬ್ ಶೀಟ್ ಕೈಗೆ ಬರುತ್ತದೆ. ದೇಶದುದ್ದಕ್ಕೂ ವ್ಯಾಪಾರ ನಡೆಸುವ ಸಂಸ್ಥೆಗೆ ಇಷ್ಟು ಮಾಡಲು ಆಗದು ಎಂಬುದನ್ನು ನಾನು ಒಪ್ಪಲಾರೆ.

ಕಂಪನಿಗಳ ಭಯಕ್ಕೂ ಆಧಾರವಿದೆ. ಹೊಸ ಫೋನ್ ಇಟ್ಟುಕೊಂಡು ಡಬ್ಬಿಯಲ್ಲಿ ಹಳೆಯದನ್ನು ತುಂಬಿ ಕಳುಹಿಸುವವರು ಇದ್ದಾರೆ, ಅವರಿಂದಾಗಿಯೇ ಪ್ರಾಮಾಣಿಕರ ಮೇಲೂ ಅನುಮಾನ ಬೀಳುತ್ತಿದೆ. ಹಾಗಿದ್ದ ಮೇಲೆ ಪರಿಶೀಲನೆ ಮನೆ ಬಾಗಿಲಲ್ಲೇ ನಡೆಯುವುದು ಅವರಿಗೂ ಕ್ಷೇಮವಲ್ಲವೇ? ಬಿಸಿಲಿನಲ್ಲಿ ಬೈಕ್ ಮೇಲೆ ಸುತ್ತುವ, ಪಿಕಪ್ ಲೆಕ್ಕದಲ್ಲಿ ದುಡಿಯುವ ಹುಡುಗರ ಸಂಕಟವನ್ನೂ ಇಲ್ಲಿ ಹೇಳಬೇಕು. ದಾರಿಯಲ್ಲಿ ವಸ್ತು ಬದಲಾಯಿತೆಂಬ ಮಾತು ಬಂದರೆ ಮೊದಲು ಬೆರಳು ತೋರುವುದು ಅವರ ಕಡೆಗೇ. ಸರಣಿ ಸಂಖ್ಯೆ ಸ್ಕ್ಯಾನ್ ಮಾಡಿದ ದಾಖಲೆಯೊಂದಿದ್ದರೆ ಅವರೂ ನಿರಾಳವಾಗಿ ಕೆಲಸ ಮಾಡಬಹುದು.

ನಾನು ಕೇಳುವುದು ಹೀಗೆ: ಒಂದು ನಿಗದಿತ ಬೆಲೆಗಿಂತ ಹೆಚ್ಚಿನ ಯಾವುದೇ ಎಲೆಕ್ಟ್ರಾನಿಕ್ ವಸ್ತುವನ್ನು ಹಿಂಪಡೆಯುವಾಗ ಐಎಂಇಐ ಅಥವಾ ಸರಣಿ ಸಂಖ್ಯೆಯನ್ನು ಗ್ರಾಹಕರ ಎದುರಿನಲ್ಲೇ ಸ್ಕ್ಯಾನ್ ಮಾಡಿ, ಫೋಟೊಸಹಿತ ಸ್ವೀಕೃತಿ ಪತ್ರವನ್ನು ಆಗಿಂದಾಗಲೇ ಅವರ ಮೊಬೈಲಿಗೆ ಕಳುಹಿಸಬೇಕು. ಕೊಡುವಾಗ ಓಟಿಪಿ ಕೇಳಿ, ಡಬ್ಬಿ ಬಿಚ್ಚಿ ತೋರಿಸುವ ‘ಓಪನ್ ಬಾಕ್ಸ್’ ಪದ್ಧತಿ ಈಗಾಗಲೇ ಇರುವಾಗ ಪಡೆಯುವಾಗಲೂ ಅದನ್ನೇ ಅನುಸರಿಸಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಆ ಪತ್ರ ಕೊಟ್ಟ ಮೇಲೆ ಏನೇ ಅದಲುಬದಲಾದರೂ ಹೊಣೆ ಕಂಪನಿಯದಾಗಬೇಕು. ತಿರಸ್ಕರಿಸುವುದಾದರೆ ಗೋದಾಮಿನ ವಿಡಿಯೊ ಜೊತೆಯಲ್ಲೇ ಬರಬೇಕು; ಬರೀ ಒಂದು ಸಾಲಿನ ಸಂದೇಶ ಕಾರಣವೆನಿಸಿಕೊಳ್ಳಬಾರದು.

ಅಲ್ಲಿಯವರೆಗೆ ಆ ದಾಖಲೆಯನ್ನು ನಾವೇ ಮಾಡಿಕೊಳ್ಳಬೇಕಾಗಿದೆ. ಫೋನಿನಲ್ಲಿ *#06# ಒತ್ತಿ ಬರುವ ಸಂಖ್ಯೆಯನ್ನೂ ಬಿಲ್ಲಿನಲ್ಲಿರುವ ಸಂಖ್ಯೆಯನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು, ಪ್ಯಾಕ್ ಮಾಡಿ ಪಿಕಪ್ ಹುಡುಗನ ಕೈಗೆ ಕೊಡುವವರೆಗೆ ಕತ್ತರಿಸದ ವಿಡಿಯೊ ತೆಗೆದುಕೊಳ್ಳಿ. ಫೋನಿನಲ್ಲಿ ಮಾತಾಡಿ ಬಿಡಬೇಡಿ, ಟಿಕೆಟ್ ಸಂಖ್ಯೆ ಪಡೆದು ಇಮೇಲ್‌ನಲ್ಲೇ ಬರೆಯಿರಿ. ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡಿದವರು ನಕಲಿ ಪ್ರತಿನಿಧಿಗಳ ಬಲೆಗೆ ಬಿದ್ದು ಇದ್ದ ಹಣವನ್ನೂ ಕಳೆದುಕೊಂಡಿದ್ದಾರೆ. ಹಾಗೇನಾದರೂ ಆದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಕಂಪನಿ ಉತ್ತರಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿಯೂ ಬಗೆಹರಿಯದಿದ್ದರೆ ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಆಯೋಗಕ್ಕೆ ದೂರು ಸಲ್ಲಿಸಬಹುದು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಮಾರ್ಗಸೂಚಿ ಹೊರಡಿಸುವ ಅಧಿಕಾರವನ್ನು ಇದೇ ಕಾಯ್ದೆಯ 18ನೇ ಸೆಕ್ಷನ್ ಕೊಟ್ಟಿದೆ. ಗ್ರಾಹಕರನ್ನು ದಾರಿ ತಪ್ಪಿಸುವ ಆ್ಯಪ್ ವಿನ್ಯಾಸಗಳನ್ನು, ಅಂದರೆ ಡಾರ್ಕ್ ಪ್ಯಾಟರ್ನ್‌ಗಳನ್ನು, ಪ್ರಾಧಿಕಾರ 2023ರ ನವೆಂಬರ್ 30ರಂದು ನಿಷೇಧಿಸಿದ್ದು ಇದೇ ಅಧಿಕಾರದಿಂದ. ರಿಟರ್ನ್ ಸ್ವೀಕೃತಿ ಪತ್ರವನ್ನು ಕಡ್ಡಾಯಗೊಳಿಸುವಂತೆ ಕೋರುವ ಮನವಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಇದೇ ಕಾರಣಕ್ಕೆ ರಿಫಂಡ್ ತಿರಸ್ಕೃತವಾದವರು ಪಿಕಪ್ ಆದ ಸಂದೇಶ ಮತ್ತು ತಿರಸ್ಕಾರದ ಸಂದೇಶ, ಇವೆರಡರ ಪ್ರತಿಯನ್ನು ನನಗೆ ಇನ್‌ಬಾಕ್ಸ್‌ನಲ್ಲಿ ಕಳುಹಿಸಿಕೊಟ್ಟರೆ, ವೈಯಕ್ತಿಕ ವಿವರಗಳನ್ನು ಮರೆಮಾಚಿ ಮನವಿಯೊಂದಿಗೆ ಲಗತ್ತಿಸುತ್ತೇನೆ.